ನಾಲ್ಕನೇ ಹಾಸಿಗೆಯ ನೀರಿನ ಲೆಕ್ಕ

ಫೆಬ್ರುವರಿ 9

ರಾಜಧಾನಿ ಬಿಷ್ಕೆಕ್‌ನ ಪ್ರಯೋಗಾಲಯದಿಂದ ಬೆಳಿಗ್ಗೆ ಫೋನ್ ಬಂತು. ನಾಲ್ಕನೇ ಹಾಸಿಗೆಯ ಗಂಡುಮಗುವಿನ ರಕ್ತದಲ್ಲಿ ಫಂಗಸ್ ಬೆಳೆದಿದೆ. ಆರು ದಿನದಿಂದ ಕೊಡುತ್ತಿರುವ ಔಷಧಿಗೆ ಅದು ಬಗ್ಗುವ ಜಾತಿಯದಲ್ಲ. ಮಗು ಹನ್ನೊಂದು ವಾರ ಮುಂಚೆ ಹುಟ್ಟಿದ್ದು, ಇಂದಿಗೆ ಹದಿನೇಳು ದಿನ, ತೂಕ 1240 ಗ್ರಾಂ. ನಾಳೆಯಿಂದ ಆಂಫೊಟೆರಿಸಿನ್.

ಸುದ್ದಿ ಕೇಳಿ ಶಾರ್ಶೆನ್ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ಫಂಗಸ್‌ಗಿಂತ ಮುಂಚೆ ಕಿಡ್ನೀನ ಹೊಡೆಯೋ ಔಷಧಿ, ಜಿಪಾರ್. ಅಕ್ಟೋಬರ್ ಮರೆತಿಲ್ಲ ತಾನೆ?"

ಮರೆತಿಲ್ಲ. ಅಕ್ಟೋಬರಿನಲ್ಲಿ ಒಂದು ಹೆಣ್ಣುಮಗು ಈ ಔಷಧಿಯ ಒಂಬತ್ತನೇ ದಿನ ಮೂತ್ರ ನಿಲ್ಲಿಸಿತು, ಹನ್ನೆರಡನೇ ದಿನ ಹೋಯಿತು. ರಾಜಧಾನಿಯಿಂದ ಆಯೋಗ ಬಂದು ಡಾಕ್ಟರನ್ನು ಎರಡು ದಿನ ಕೂರಿಸಿ ಪ್ರಶ್ನೆ ಕೇಳಿತು. ಹೋಗುವಾಗ ಒಂದು ಹಾಳೆ ಕೊಟ್ಟುಹೋಯಿತು. ಅದನ್ನು ಇಂದು ಗೋಡೆಗೆ ಅಂಟಿಸಿದೆ. ಔಷಧಿಯನ್ನು ಗ್ಲೂಕೋಸಿನಲ್ಲಿ ಮಾತ್ರ ಕಲಸಬೇಕು, ಸಲೈನ್ ತಾಕಿದರೆ ಒಡೆದ ಹಾಲಿನಂತಾಗುತ್ತದೆ. ನಾಲ್ಕು ಗಂಟೆ ನಿಧಾನವಾಗಿ ಹರಿಸಬೇಕು. ಮೂತ್ರಪಿಂಡಕ್ಕೆ ರಕ್ತದ ಹರಿವು ಕುಗ್ಗದಂತೆ ಬೇರೆ ನಳಿಗೆಯಲ್ಲಿ ಉಪ್ಪು ಹೆಚ್ಚಾಗಿ ಕೊಡಬೇಕು, ನೀರು ಇಳಿಸಬಾರದು. ಉಳಿದದ್ದೆಲ್ಲ ಒಂದೇ ಮಾತು: ಮೂತ್ರ ಅಳೆಯಿರಿ.

ಡಾಕ್ಟರು ಕೆಂಪು ಪೆನ್ನಿನಲ್ಲಿ ತಮ್ಮದೊಂದು ಸಾಲು ಸೇರಿಸಿದರು. ದಿನಕ್ಕೆ ಮೂವತ್ತು ಮಿಲಿಗಿಂತ ಕಡಿಮೆ, ಸತತ ಎರಡು ದಿನ ಆದರೆ ಔಷಧಿ ಬಂದ್.

"ನಿಲ್ಲಿಸಿದ್ರೆ ಫಂಗಸ್ ಸುಮ್ನಿರುತ್ತಾ?" ಅಂದೆ.

"ಮಿದುಳಿಗೆ ಏರುತ್ತೆ. ಬೇರೆ ಔಷಧಿ ನಮ್ಮಲ್ಲಿಲ್ಲ. ನಂಗೊತ್ತಿಲ್ಲ ಅಂದ್ಕೊಂಡಿದ್ದೀಯಾ?"

ಮೂತ್ರಪಿಂಡ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಅಳೆಯಲು ನಮ್ಮ ಲ್ಯಾಬಿನ ಯಂತ್ರಕ್ಕೆ ಎರಡು ಮಿಲಿ ರಕ್ತ ಬೇಕು. ಈ ಮಗುವಿನ ಮೈಯಲ್ಲಿರುವುದೇ ನೂರು ಮಿಲಿ. ಹಾಗಾಗಿ ಕೆಲವು ಹನಿ ತೆಗೆದು ವ್ಯಾನಿನ ಚಾಲಕನ ಕೈಲಿ ಬಿಷ್ಕೆಕ್‌ಗೆ ಕಳಿಸಬೇಕು, ಅದೂ ವಾರಕ್ಕೆರಡು ಸಲ. ಮಿಕ್ಕ ದಿನ ಮೂತ್ರಪಿಂಡದ ಸಂಗತಿ ಡಯಾಪರ್ ಹೇಳಬೇಕು, ಮೂರು ಗಂಟೆಗೊಮ್ಮೆ ಸುತ್ತಿನಲ್ಲಿ ಬಿಚ್ಚಿ ತೂಗಬೇಕು. ವಾರ್ಡಿನ ತಕ್ಕಡಿ ಐದು ಗ್ರಾಂಗಿಂತ ಕಡಿಮೆ ತೋರಿಸುವುದಿಲ್ಲ. ತಂಗಿಯ ಮನೆಯಿಂದ ಅವಳ ಕೇಕ್ ತಕ್ಕಡಿ ತಂದೆ. ಯಾಕೆಂದು ಹೇಳಲಿಲ್ಲ. ಹೇಳಿದರೆ ವಾಪಸು ತೆಗೆದುಕೊಳ್ಳುವುದಿಲ್ಲ.

ಫೆಬ್ರುವರಿ 11

ಮೊದಲ ಇಪ್ಪತ್ತನಾಲ್ಕು ಗಂಟೆಯ ಮೂತ್ರ 108 ಮಿಲಿ. ಇಷ್ಟೇ ಈ ದಿನದ ಒಳ್ಳೆಯ ಸುದ್ದಿ.

ತಾಯಂದಿರು ವಾರ್ಡಿನೊಳಗೆ ಇರಬಹುದು ಎಂದು ಹೊಸ ವರ್ಷದಿಂದ ಆದೇಶ ಬಂದಿದೆ. ಬರೆದವರು ಯಾವ ವಾರ್ಡಿನಲ್ಲೂ ನಿಂತವರಲ್ಲ. ಒಂಬತ್ತು ಮಕ್ಕಳು, ಪಾಳಿಗೆ ಇಬ್ಬರು ನರ್ಸ್‌ಗಳು, ಇದರ ಮೇಲೆ ಒಂಬತ್ತು ತಾಯಂದಿರು ಕಾಲಿಗೆ ತೊಡರುತ್ತಾರೆ. ನಾಲ್ಕನೇ ಹಾಸಿಗೆಯ ತಾಯಿ ಇಪ್ಪತ್ತರ ಹುಡುಗಿ, ಆತ್‌ಬಾಶಿ ಕಡೆಯವಳು. ಏನು ಹೇಳಿದರೂ ಅಕ್ಕನಿಗೆ ಹೇಳಿದಂತೆ "ಹೂಂ ಎಜೆ" ಅನ್ನುತ್ತಾಳೆ. ಮಧ್ಯಾಹ್ನ ಮಗು ಒದ್ದೆಯಲ್ಲಿ ಮಲಗಿತ್ತು, ಇವಳು ಪಕ್ಕದಲ್ಲಿ ಕೈಕಟ್ಟಿ ಕೂತಿದ್ದಳು. ಎಲ್ಲರ ಮುಂದೆ ಗದರಿದೆ. ಮೂಗಿಲ್ಲವಾ ನಿನಗೆ, ಮಗು ಮೂತ್ರದಲ್ಲಿ ನೆನೀತಿದ್ರೆ ನೋಡ್ತಾ ಕೂತಿರ್ತೀಯಾ ಅಂತ. "ಹೂಂ ಎಜೆ" ಅಂದಳು.

ಆ ಹುಡುಗಿಯ ಅತ್ತೆ ಉಪೆಲ್ ಅಪಾ ಕಾರಿಡಾರಿನಲ್ಲಿ ಕಾದಿದ್ದು ನನ್ನನ್ನು ಹಿಡಿದಳು. ಮಗುವಿಗೆ ತೊಕ್ತೊಬೆಕ್ ಎಂದು ಹೆಸರಿಟ್ಟಿದ್ದಾರಂತೆ, ಉಳಿಯಲಿ ಎಂದು. ಮನೆಯ ಗೋಡೆಗೆ ತುಪ್ಪಳದ ಟೋಪಿ ನೇತುಹಾಕಿ, ಹೊಟ್ಟೆಯಲ್ಲಿ ಕಳೆಯಬೇಕಿದ್ದ ಒಂದೊಂದು ದಿನಕ್ಕೆ ಒಂದೊಂದು ಮೊಳೆಗೆ ಸರಿಸುತ್ತಿದ್ದಾಳೆ. "ಎಪ್ಪತ್ತೇಳು ಮೊಳೆ ಹೊಡ್ದೀನಿ ಮಗಳೇ. ಗೋಡೆ ಜರಡಿ ಆಯ್ತು," ಅಂದಳು. ಟೋಪಿಯಿಂದ ಕ್ರಿಯಾಟಿನಿನ್ ಇಳಿಯುವುದಿಲ್ಲ ಎನ್ನಬೇಕೆನಿಸಿತು. ನನ್ನ ಕಾಗದಗಳಲ್ಲಿ ಅವನು ನಾಲ್ಕನೇ ಹಾಸಿಗೆ.

ಫೆಬ್ರುವರಿ 12

41 ಮಿಲಿ.

ಫೆಬ್ರುವರಿ 13

27.

ಡಾಕ್ಟರು ಚಾರ್ಟನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು, ದೂರ ಹಿಡಿದು ಓದಿದರು. ಸಂಖ್ಯೆ ಎರಡೂ ಕಡೆಯಿಂದ ಅದೇ. ಸಂಜೆ ನೀರನ್ನು ಮೂರನೇ ಒಂದು ಭಾಗ ಇಳಿಸಿದರು, ಉಪ್ಪು ಪೂರ್ತಿ ತೆಗೆದರು.

"ಹಾಳೇಲಿ ಇಳಿಸಬಾರದು ಅಂತ ಇದೆ," ಅಂದೆ.

"ಹಾಳೆ ಬರೆದೋರು ಮೂತ್ರ ಬರೋ ಮಗೂಗೆ ಬರೆದಿದ್ದು. ಹೊರಗೆ ಹೋಗದೇ ಇರೋ ನೀರು ಎಲ್ಲಿಗೆ ಹೋಗುತ್ತೆ? ಶ್ವಾಸಕೋಶಕ್ಕೆ. ಉಪ್ಪು ಅದನ್ನ ಅಲ್ಲೇ ಹಿಡ್ಕೊಂಡು ಕೂತ್ಕೊಳ್ಳುತ್ತೆ. ನಲವತ್ತು ವರ್ಷದಿಂದ ನೋಡ್ತಿದ್ದೀನಿ."

ಅವರು ಹೇಳಿದ್ದು ಸುಳ್ಳಲ್ಲ. ಮೂತ್ರ ನಿಜವಾಗಿ ನಿಂತಿದ್ದರೆ ಅದು ಸರಿ. ಇವತ್ತಿನ ರಕ್ತ ವ್ಯಾನಿನಲ್ಲಿ ಹೋಯಿತು. ಮಧ್ಯಾಹ್ನವೇ ಡೊಲೊನ್ ಘಾಟಿಯಲ್ಲಿ ಹಿಮ ಕುಸಿದು ರಸ್ತೆ ಬಂದ್ ಆಗಿದೆ ಎಂದು ರೇಡಿಯೋದಲ್ಲಿ ಹೇಳಿದರು.

ಫೆಬ್ರುವರಿ 14

24. ಎರಡನೇ ದಿನ. ನಾಳೆಯಿಂದ ಔಷಧಿ ಇಲ್ಲ.

ವ್ಯಾನು ಘಾಟಿಯ ಕೆಳಗೆ ಹದಿನಾರು ಗಂಟೆ ನಿಂತು ವಾಪಸು ಬಂತು. ಚಾಲಕ ರಕ್ತದ ಕೊಳವೆಯನ್ನು ಎಂಜಿನ್ ಪಕ್ಕ ಇಟ್ಟಿದ್ದನಂತೆ. "ಮಂಜುಗಟ್ಟಬಾರದು ಅಂತ ಎಜೆ, ಹೊರಗೆ ಮೈನಸ್ ಇಪ್ಪತ್ತೇಳು ಇತ್ತು." ಬೆಂದುಹೋಗಿದೆ. ಅವನಿಗೆ ಬೈಯಲು ಬಾಯಿ ತೆರೆದೆ, ಅವನ ಎರಡೂ ಕಿವಿ ಚಳಿಗೆ ಸುಟ್ಟು ಸಿಪ್ಪೆ ಎದ್ದಿದ್ದವು. ಚಹಾ ಕೊಟ್ಟು ಕಳಿಸಿದೆ.

ಫೆಬ್ರುವರಿ 15

ತಲೆ ಕೆಟ್ಟಿದೆ. ಲೆಕ್ಕ ಕೂಡುತ್ತಿಲ್ಲ.

ಹನ್ನೊಂದರಿಂದ ಹದಿಮೂರರ ಸಂಜೆಯವರೆಗೆ ದಿನಕ್ಕೆ 186 ಮಿಲಿ ಒಳಗೆ ಹೋಗಿದೆ. ಬೆವರು, ಉಸಿರು, ಮಲ ಎಂದು ಐವತ್ತು ಬಿಟ್ಟರೂ, ಚಾರ್ಟ್ ನಿಜವಾಗಿದ್ದರೆ ಮಗುವಿನ ಮೈಯಲ್ಲಿ ಈಗ ಇನ್ನೂರು ಗ್ರಾಂ ನೀರು ತುಂಬಿರಬೇಕು. ಒಂದೂಕಾಲು ಕಿಲೋ ಮಗುವಿನಲ್ಲಿ ಇನ್ನೂರು ಗ್ರಾಂ ಎಂದರೆ ರೆಪ್ಪೆ ಊದಿ ಕಣ್ಣು ಮುಚ್ಚಿರಬೇಕು. ಇಂದಿನ ತೂಕ 1251. ಆರು ದಿನಕ್ಕೆ ಹನ್ನೊಂದು ಗ್ರಾಂ. ಪಾದ ಒತ್ತಿದರೆ ಗುಳಿ ಬೀಳುತ್ತಿಲ್ಲ.

ನೀರು ಎಲ್ಲಿಗೆ ಹೋಯಿತು?

ತಕ್ಕಡಿಯ ಮೇಲೆ ಅನುಮಾನ ಬಂತು. ಸಿರಿಂಜಿನಲ್ಲಿ ಹತ್ತು ಮಿಲಿ ಸಲೈನ್ ಅಳೆದು ಖಾಲಿ ಬಟ್ಟಲಿಗೆ ಬಿಟ್ಟು ತೂಗಿದೆ, ಹತ್ತು ಗ್ರಾಂ. ಮೂರು ಸಲ ಮಾಡಿದೆ, ಮೂರು ಸಲವೂ ಹತ್ತು. ಡ್ರಿಪ್ ನಳಿಗೆ ಸೋರುತ್ತಿದೆಯೇ ಎಂದು ಹಾಸಿಗೆಯ ಕೆಳಗೆ ಕಾಗದ ಹಾಸಿದೆ. ಕಾಗದ ಒಣಗಿಯೇ ಇತ್ತು.

ಇನ್ನೊಂದು ಕಿರಿಕಿರಿ. ಡಯಾಪರ್ ಕಟ್ಟು ಮೂವತ್ತರದ್ದು, ದಿನಕ್ಕೆ ಎಂಟರಂತೆ ನಾಲ್ಕು ದಿನ ಬರಬೇಕು. ನಾಲ್ಕನೇ ಹಾಸಿಗೆಯದು ಎರಡೇ ದಿನಕ್ಕೆ ಖಾಲಿ. ಕಿರಿಯ ನರ್ಸ್ ರಖಾತ್‌ಳ ಅಕ್ಕನಿಗೆ ಹೋದ ತಿಂಗಳು ಹೆರಿಗೆಯಾಗಿದೆ. ಅವಳನ್ನು ಔಷಧಿ ಕೋಣೆಗೆ ಕರೆದು ನೇರವಾಗಿ ಕೇಳಿದೆ.

"ನಿಮ್ಮ ಸತ್ತ ಅಮ್ಮನ ಆಣೆ ಹಾಕ್ಲಾ, ನನ್ನ ಬದುಕಿರೋ ಅಮ್ಮನ ಆಣೆ ಹಾಕ್ಲಾ ಎಜೆ?" ಅಂದಳು. "ನಮ್ಮಕ್ಕನ ಮಗು ನಾಲ್ಕೂವರೆ ಕಿಲೋ. ಈ ಡಯಾಪರ್ ಅದರ ಕಿವಿಗೆ ಕಟ್ಟಬಹುದು ಅಷ್ಟೇ."

ನಗು ಬರಬೇಕಿತ್ತು. ಬರಲಿಲ್ಲ.

ಫೆಬ್ರುವರಿ 16

ಸಿಕ್ಕಿತು.

ಬೆಳಿಗ್ಗೆ ಒಂಬತ್ತರ ಸುತ್ತಿಗೆ ಅರ್ಧ ಗಂಟೆ ಮೊದಲೇ ಮಗುವಿನ ಶಾಖ ನೋಡಲು ಹೋದೆ. ಆ ಹುಡುಗಿ, ಸಯ್ಕಾಲ್, ಇನ್‌ಕ್ಯುಬೇಟರಿನ ಕಿಂಡಿಯಲ್ಲಿ ಎರಡೂ ಕೈ ತೂರಿಸಿ ಡಯಾಪರ್ ಬದಲಿಸುತ್ತಿದ್ದಳು. ಬಿಚ್ಚಿದ್ದನ್ನು ಸುರುಳಿ ಸುತ್ತಿ, ಹಾಸಿಗೆಯ ಕೆಳಗಿನ ತನ್ನ ಚೀಲಕ್ಕೆ ಹಾಕಿದಳು. ಸದ್ದಿಲ್ಲ, ಚೆಲ್ಲಲಿಲ್ಲ, ಮಗು ಎಚ್ಚರವಾಗಲಿಲ್ಲ. ನಮ್ಮಲ್ಲಿ ಯಾವ ನರ್ಸ್‌ಗೂ ಅಷ್ಟು ಚೊಕ್ಕ ಕೈ ಇಲ್ಲ.

ಚೀಲ ತೆರೆಸಿದೆ. ನಿನ್ನೆ ಬೆಳಿಗ್ಗೆಯಿಂದ ಏಳು ಡಯಾಪರ್. ಅತ್ತೆ ದಿನಕ್ಕೊಮ್ಮೆ ಬಂದು ಒಯ್ಯುತ್ತಾಳಂತೆ, ಎಳೆಮಗುವಿನ ಒದ್ದೆ ಬಟ್ಟೆ ಕಂಡವರ ಕಸದಲ್ಲಿ ಬೀಳಬಾರದೆಂದು. ತೂಗಿದೆ. ಒಣ ತೂಕ ಕಳೆದರೆ 55. ನಾವು ಸುತ್ತಿನಲ್ಲಿ ತೂಗಿದ್ದು 15. ಒಟ್ಟು 70 ಮಿಲಿ, ಅದೂ ನೀರು ಇಳಿಸಿದ ಮೇಲೆ.

ನಾವು ಇಷ್ಟು ದಿನ ತೂಗಿದ್ದು ಅರ್ಧ ಗಂಟೆಯ ಮೂತ್ರ. ಮೂರು ಗಂಟೆಯದೆಂದು ಬರೆದುಕೊಂಡೆವು.

"ಯಾಕೆ ಹೀಗ್ಮಾಡ್ದೆ?" ಅಂದೆ. ಕೂಗಿದೆ ಅನ್ನಿಸುತ್ತದೆ, ಎರಡನೇ ಹಾಸಿಗೆಯ ಮಗು ಬೆಚ್ಚಿತು.

"ನೀವು ಬರೋಷ್ಟೊತ್ತಿಗೆ ಅವನು ಒಣಗಿರ್ಬೇಕು ಅಂತ, ಎಜೆ."

"ಯಾರು ಹೇಳಿದ್ದು?"

ನೆಲ ನೋಡಿದಳು. "ನೀವೇ."

ನಾನು ಹಾಗೆ ಹೇಳಿದ ನೆನಪಿಲ್ಲ. ಆಮೇಲೆ ತಡೆತಡೆದು ಹೇಳಿದಳು. ಮದುವೆಯಾಗಿ ಬಂದ ಮೊದಲ ವಾರ ಅಂಗಳ ಗುಡಿಸುವುದು ತಡವಾಯಿತಂತೆ, ಅತ್ತೆ ಎದ್ದು ಬಂದಾಗ ಇನ್ನೂ ಪೊರಕೆ ಕೈಯಲ್ಲಿತ್ತಂತೆ. "ದೊಡ್ಡೋರು ಬಂದಾಗ ಕೆಲಸ ಮುಗಿದಿರ್ಬೇಕು. ಮಾಡೋದು ಕಾಣಿಸ್ಬಾರ್ದು. ಸೊಸೆ ಅಂದ್ರೆ ಹಾಗೆ ಅಲ್ವಾ?"

ಅಲ್ಲವೆಂದು ಯಾವ ಬಾಯಲ್ಲಿ ಹೇಳಲಿ? ಇಪ್ಪತ್ತೆರಡು ವರ್ಷ ನಾನೂ ನಾಲ್ಕೂವರೆಗೆ ಎದ್ದು ಅಂಗಳ ಗುಡಿಸಿದವಳು.

ಇವನ ಮೂತ್ರ ತೂಗೋದಕ್ಕೇ ನಾವು ಇಲ್ಲಿರೋದು ಎಂದು ಹೇಳಿದೆ. ಆ ಔಷಧಿ ಏನು, ಕಿಡ್ನಿ ಏನು, ಸಂಖ್ಯೆ ಕಡಿಮೆ ಕಂಡಿದ್ದಕ್ಕೆ ಡಾಕ್ಟರು ಏನೇನು ಮಾಡಿದರು, ಎಲ್ಲ. ಅವಳ ಮುಖ ಬಿಳಿಚಿಕೊಂಡಿತು. ಅಷ್ಟು ವಿವರ ಬೇಕಿರಲಿಲ್ಲವೇನೋ. ಆದರೆ ಅರ್ಧ ಹೇಳಿದ್ದಕ್ಕೇ ಈ ಗತಿ ಬಂದದ್ದು.

ರಕ್ತ ತೆಗೆದು ಕಳಿಸಿದೆ. ಘಾಟಿ ತೆರೆದಿದೆ. ರಖಾತ್‌ಗೆ ಭಾನುವಾರ ರಜೆ ಕೊಟ್ಟೆ. ಯಾಕೆಂದು ಅವಳು ಕೇಳಲಿಲ್ಲ.

ಫೆಬ್ರುವರಿ 17

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟಿದವರು, ಎತ್ತು ಈಯುವುದಿಲ್ಲ ಎಂದರೆ ಬಿಚ್ಚಲು ಒಪ್ಪುತ್ತಿಲ್ಲ.

"ಚೀಲದಲ್ಲಿ ಸಿಕ್ಕಿದ ಮೂತ್ರಾನ ಚಾರ್ಟಿಗೆ ಹೇಗೆ ಹಾಕ್ಲಿ?" ಅಂದರು ಡಾಕ್ಟರು. "ಅಳೆದವರು ಯಾರು? ಯಾವ ಹೊತ್ತಿನದು? ನಾಳೆ ಆಯೋಗ ಬಂದ್ರೆ ನೀನು ಚೀಲ ತೋರಿಸ್ತೀಯಾ?"

"ಮಗೂನ ತೋರಿಸ್ತೀನಿ. ಬದುಕಿದ್ರೆ."

ಹಾಗೆ ಅನ್ನಬಾರದಿತ್ತು. ಅವರು ಕಿಟಕಿಯ ಕಡೆ ತಿರುಗಿದರು. ಹೊರಗೆ ಕಲ್ಲಿದ್ದಲ ಹೊಗೆ ಬಿಟ್ಟು ನೋಡುವುದಕ್ಕೇನೂ ಇರಲಿಲ್ಲ. ಕೊನೆಗೆ ನೀರನ್ನು ಮೊದಲಿನಷ್ಟು ಮಾಡಿದರು. ಉಪ್ಪು ಇಲ್ಲ. ಔಷಧಿ ಇಲ್ಲ. ಒಂದು ದಿನ ಕಣ್ಣೆದುರು ತೂಗಿ, ರಕ್ತದ ಫಲಿತಾಂಶ ನೋಡಿ, ಆಮೇಲೆ.

ಮೂರು ದಿನದಿಂದ ಫಂಗಸ್ ಒಬ್ಬನೇ ಮನೆಯಲ್ಲಿದ್ದಾನೆ.

ಫೆಬ್ರುವರಿ 18

ಕಣ್ಣೆದುರು ತೂಗಿದ್ದು 84. ಕ್ರಿಯಾಟಿನಿನ್ 112. ಶುರುವಿನಲ್ಲಿ 68 ಇತ್ತು.

"ನೋಡಿದ್ಯಾ?" ಅಂದರು ಡಾಕ್ಟರು. ಗೆದ್ದವರ ದನಿಯಲ್ಲ ಅದು.

"ಇದು ಔಷಧಿದಲ್ಲ. ಮೂರು ದಿನ ಬಾಯಾರಿಸಿ ಇಟ್ಟಿದ್ದಕ್ಕೆ."

"ಇರಬಹುದು. ಅಲ್ಲದೇನೂ ಇರಬಹುದು. ಯಾವುದು ಅಂತ ಹೇಗೆ ಹೇಳ್ತೀಯ?"

ಹೇಳಲಾಗದು. ತಪ್ಪು ಸಂಖ್ಯೆ ನೋಡಿ ಮಾಡಿದ ಚಿಕಿತ್ಸೆ ಆ ಸಂಖ್ಯೆಯನ್ನು ನಿಜ ಮಾಡುವ ದಾರಿಯಲ್ಲಿದೆ.

ಕಾರಿಡಾರಿನಲ್ಲೇ ನಿಂತು ಉಪ್ಪಿಗಾಗಿ ಜಗಳವಾಡುತ್ತಿದ್ದೆವು. ಉಪೆಲ್ ಅಪಾ ಬೆಂಚಿನ ಮೇಲೆ ಕೂತಿದ್ದಳು. ಬೆಳಿಗ್ಗೆಯಿಂದ ಸೊಸೆಯೊಂದಿಗೆ ಮಾತಾಡಿಲ್ಲ, ಸೊಸೆ ಅವಳೊಂದಿಗೆ ಆಡಿಲ್ಲ. ಡಾಕ್ಟರ ಕೋಟಿನ ತುದಿ ಹಿಡಿದು ಎಳೆದಳು.

"ಏನಪ್ಪಾ ಡಾಕ್ಟ್ರೇ, ನೀನು ಯಾರ ಮಗ?"

"ಅಪಾ, ಈಗ ಹೊತ್ತಲ್ಲ..."

"ಕುರಿ ಕಾದೋರ ಮಗನೋ, ಅಂಗಡಿಯೋರ ಮಗನೋ?"

"ಕುರಿ ಕಾದೋರ ಮಗ."

"ಮತ್ತೆ ನಿಂಗೊತ್ತಿರ್ಬೇಕಲ್ಲ. ಉಪ್ಪಿನ ಕಲ್ಲು ಇಡದೇ ಇದ್ರೆ ಕುರಿ ನೀರಿನ ಹತ್ರ ಹೋಗಿ ಸುಮ್ನೆ ನಿಂತಿರುತ್ತೆ. ಕುಡಿಯಲ್ಲ, ಉಚ್ಚೆ ಹೊಯ್ಯಲ್ಲ, ಮಂಕು ಬಡಿಯುತ್ತೆ. ನಿಮ್ಮಪ್ಪ ಉಪ್ಪಿಗೆ ಜಿಪುಣತನ ಮಾಡಿದ್ರೆ ನಿನ್ನ ಓದ್ಸೋಕೆ ಕುರಿ ಎಲ್ಲಿರ್ತಿತ್ತು?"

ಮಗು ಕುರಿಯಲ್ಲ ಎಂದು ಡಾಕ್ಟರು ಹೇಳಿದರು. "ಕುರಿಗಿಂತ ಕಡೆಯಾಗಿ ನೋಡ್ಬೇಡ ಅಂತ ಹೇಳಿದ್ದು," ಅಂದಳು ಮುದುಕಿ.

ಕುರಿಯ ಮಾತಿಗೋ, ಗೋಡೆಯ ಹಾಳೆಗೋ, 84ಕ್ಕೋ ಗೊತ್ತಿಲ್ಲ. ಸಂಜೆ ಉಪ್ಪು ಬರೆದರು. ನಾಳೆಯಿಂದ ಔಷಧಿ. ನಾನು ಐದು ದಿನದಿಂದ ತೋರಿಸುತ್ತಿದ್ದ ಹಾಳೆಗೆ ಇಲ್ಲದ ಬೆಲೆ ಕುರಿಗೆ ಸಿಕ್ಕಿತು.

ಫೆಬ್ರುವರಿ 20

ಔಷಧಿ ಹರಿಯುತ್ತಿದೆ. 92 ಮಿಲಿ.

ತಕ್ಕಡಿಯನ್ನು ನಾಲ್ಕನೇ ಹಾಸಿಗೆಯ ಪಕ್ಕಕ್ಕೆ ಇಟ್ಟೆ. ನಮಗೆ ಒಂಬತ್ತು ಮಕ್ಕಳ ನಡುವೆ ಸಮಯವಿಲ್ಲ, ಅವಳಿಗೆ ಬೇರೆ ಕೆಲಸವಿಲ್ಲ. ಒದ್ದೆಯಾದ ತಕ್ಷಣ ಅವಳೇ ತೂಗಿ, ಹೊತ್ತು ಹಾಕಿ ಬರೆಯುತ್ತಾಳೆ, ಸುತ್ತಿನಲ್ಲಿ ನಾವು ಇನ್ನೊಮ್ಮೆ ತೂಗುತ್ತೇವೆ. ಕೆಲಸ ಹಗುರವಾಗಲೆಂದು ಮಾಡಿದ ವ್ಯವಸ್ಥೆ, ಬೇರೇನಿಲ್ಲ.

ಫೆಬ್ರುವರಿ 23

ಕೆಟ್ಟ ದಿನ. ಹತ್ತೊಂಬತ್ತರಂದು ತೆಗೆದ ರಕ್ತದಲ್ಲಿ ಫಂಗಸ್ ಇನ್ನೂ ಇದೆ. ಔಷಧಿ ನಿಂತ ನಾಲ್ಕು ದಿನದ ಫಲ. ಇವತ್ತು ಮತ್ತೆ ತೆಗೆದು ಕಳಿಸಿದ್ದೇವೆ. ಅದು ಶುದ್ಧವಾಗಿ ಬಂದರೆ ಅಲ್ಲಿಂದ ಹದಿನಾಲ್ಕು ದಿನ ಎಣಿಸಬೇಕು.

ಪೊಟ್ಯಾಶಿಯಂ ಬೇರೆ ಕುಸಿದಿದೆ, 2.8. ಮೂತ್ರಪಿಂಡ ಅದನ್ನು ಹಿಡಿದಿಟ್ಟುಕೊಳ್ಳುತ್ತಿಲ್ಲ, ಈ ಔಷಧಿಯ ಇನ್ನೊಂದು ಉಪಕಾರ. ಡ್ರಿಪ್‌ನಲ್ಲಿ ಸೇರಿಸಿದೆವು, ಹೃದಯದ ಗೆರೆ ನೋಡುತ್ತ ಕೂತೆವು. ಸಯ್ಕಾಲ್ ಗೆರೆ ನೋಡಲಿಲ್ಲ, ನನ್ನ ಮುಖ ನೋಡಿದಳು.

"ನನ್ನ ಮುಖದಲ್ಲೇನಿದೆ? ಯಂತ್ರ ಅಲ್ಲಿದೆ ನೋಡು," ಅಂದೆ.

"ಯಂತ್ರ ನಂಗೆ ಓದೋಕೆ ಬರಲ್ಲ ಎಜೆ. ನಿಮ್ಮ ಮುಖ ಬರುತ್ತೆ."

ಫೆಬ್ರುವರಿ 25

ಕ್ರಿಯಾಟಿನಿನ್ 94. ಇಳಿಯುತ್ತಿದೆ. ಪೊಟ್ಯಾಶಿಯಂ 3.4.

ಚಾರ್ಟು ಬರೆಯುವಾಗ ಆ ಹುಡುಗಿ ಹಿಂದಿನಿಂದ ಇಣುಕಿದಳು. "ಎಜೆ, ಆರು ಗಂಟೆದು ನೀವು ಹದಿನಾಲ್ಕು ಹಾಕಿದ್ದೀರ. ಹದಿನೇಳಿತ್ತು."

ತೆರೆದು ನೋಡಿದರೆ ಅವಳ ಪುಸ್ತಕದಲ್ಲಿ ಹದಿನೇಳು, ರಖಾತ್‌ಳ ಚೀಟಿಯಲ್ಲೂ ಹದಿನೇಳು. ನನಗೆ ಐವತ್ನಾಲ್ಕು, ಕನ್ನಡಕ ಬದಲಿಸಬೇಕು. ತಿದ್ದಿದೆ. ಎರಡು ವಾರದ ಹಿಂದೆ ಬಾಯಿ ಬಿಡದಿದ್ದವಳು ಈಗ ಹೆಡ್ ನರ್ಸ್‌ನ ಲೆಕ್ಕ ತಿದ್ದುತ್ತಾಳೆ. ಹೊಸ ಆದೇಶದ ಪ್ರತಾಪ.

ಫೆಬ್ರುವರಿ 28

ಇಪ್ಪತ್ಮೂರರ ರಕ್ತದಲ್ಲಿ ಏನೂ ಬೆಳೆದಿಲ್ಲ.

ಅಲ್ಲಿಂದ ಹದಿನಾಲ್ಕು ದಿನ ಎಂದರೆ ಮಾರ್ಚ್ ಒಂಬತ್ತರವರೆಗೆ ಔಷಧಿ. ಇನ್ನೂ ಹತ್ತು ಬಾಟಲಿ. ಇದುವರೆಗೆ ತಡೆದ ಮೂತ್ರಪಿಂಡ ಹತ್ತನ್ನೂ ತಡೆಯಬೇಕು. ಅಕ್ಟೋಬರಿನ ಮಗುವಿನದು ಒಂಬತ್ತನೇ ದಿನಕ್ಕೇ ನಿಂತಿತ್ತು. ಡಾಕ್ಟರು ಖುಷಿಪಟ್ಟದ್ದನ್ನು ತೋರಿಸಿಕೊಳ್ಳಲಿಲ್ಲ, ಕೆಂಪು ಪೆನ್ನಿನ ಸಾಲಿನ ಕೆಳಗೆ ಇನ್ನೊಂದು ಗೆರೆ ಎಳೆದರು.

ಮಾರ್ಚ್ 3

ಮಿದುಳಿನ ಸ್ಕ್ಯಾನ್ ಚೆನ್ನಾಗಿದೆ. ಸ್ಕ್ಯಾನ್ ಯಂತ್ರದವನು ಬರಲು ನಾಲ್ಕು ದಿನ ಕಾಯಿಸಿದ. ಬಾಯ್ಲರ್ ಕೆಟ್ಟು ಬೆಳಗಿನಿಂದ ವಾರ್ಡು ಹದಿನೇಳು ಡಿಗ್ರಿ. ಗ್ಲೂಕೋಸ್ ಬಾಟಲಿ ಮುಗಿಯುತ್ತಿದೆ, ಉಗ್ರಾಣದವಳು ಸೋಮವಾರ ಅನ್ನುತ್ತಾಳೆ. ಯಾವ ಸೋಮವಾರ ಎಂದು ಕೇಳಿದೆ.

ತೊಕ್ತೊ 1410 ಗ್ರಾಂ. 121 ಮಿಲಿ.

ಮಾರ್ಚ್ 5

ಕ್ರಿಯಾಟಿನಿನ್ 81.

ಉಪೆಲ್ ಅಪಾ ಒಂದು ಚೀಲ ಕುರುತ್ ತಂದಿದ್ದಳು, ಒಣ ಮೊಸರಿನ ಆ ಉಪ್ಪುಂಡೆಗಳು. ಡಾಕ್ಟರಿಗೂ ಒಂದು ಹಿಡಿ ಕೊಟ್ಟಳು. "ತಿನ್ನಪ್ಪಾ, ನಿನ್ನ ಕಿಡ್ನೀನೂ ಹುಷಾರಾಗಿರ್ಲಿ." ಅವರಿಗೆ ರಕ್ತದೊತ್ತಡ, ಉಪ್ಪು ಮುಟ್ಟುವಂತಿಲ್ಲ. ಮೂರು ತಿಂದರು.

ಮುದುಕಿ ಸೊಸೆಯನ್ನು ಎರಡು ದಿನ ಮನೆಗೆ ಕಳಿಸಿ ಎಂದು ಕೇಳಿದಳು, ಅವಳ ಕಣ್ಣಿನ ಸುತ್ತ ಕಪ್ಪಾಗಿದೆ, ತಾನು ಕೂತು ತೂಗುತ್ತೇನೆ ಎಂದು. ಕೂಡದು ಎಂದೆ. ಲೆಕ್ಕ ಗೊತ್ತಿರುವುದು ಸಯ್ಕಾಲ್‌ಗೆ. ಅವಳಿಲ್ಲದೆ ನನಗಾಗುವುದಿಲ್ಲ, ಕೊನೆಯ ನಾಲ್ಕು ಬಾಟಲಿಯಲ್ಲಿ ಕೈ ಬದಲಾಗಬಾರದು.

ಮಾರ್ಚ್ 8

ಮಹಿಳಾ ದಿನ. ಡಾಕ್ಟರು ಪಾಳಿಯ ಹೆಂಗಸರಿಗೆಲ್ಲ ಒಂದೊಂದು ಕಾರ್ನೇಶನ್ ಹೂ ತಂದರು, ಪ್ರತಿವರ್ಷದಂತೆ ಅರ್ಧ ಬಾಡಿದ್ದು. ಎಣಿಸಿ ತಂದಿದ್ದರು, ಸಯ್ಕಾಲ್‌ಗೆ ಕಡಿಮೆ ಬಿತ್ತು. ಪಾಳಿಯವರಿಗೆಲ್ಲ ಎಂದಮೇಲೆ ಸರಿಯಾಗಿ ಎಣಿಸಬೇಕು ಎಂದು ಅವರಿಗೆ ಹೇಳಿದೆ. ನನ್ನದನ್ನು ಅವಳ ಬಾಟಲಿಯಲ್ಲಿಟ್ಟೆ, ನನಗೆ ಹೂವಿನ ವಾಸನೆ ಆಗುವುದಿಲ್ಲ.

ಹಬ್ಬದ ಚಹಾ ಕುಡಿಯುವಾಗಲೇ ಎರಡನೇ ಹಾಸಿಗೆಯ ಹೊಸ ತಾಯಿಗೆ ರಖಾತ್ ಕೂಗುವುದು ಕೇಳಿಸಿತು. ಮಗು ಒದ್ದೆ, ಕಣ್ಣು ಕಾಣಲ್ವಾ ಅಂತ. ಬಟ್ಟಲು ಬಿಟ್ಟು ಎದ್ದುಹೋದೆ.

"ಒದ್ದೆ ಆಗಿದ್ರೆ ಅವಳ ಕೈಗೆ ತಕ್ಕಡಿ ಕೊಡು, ಯಾಕೆ ಅಂತ ಹೇಳು. ಕೂಗಿದ್ರೆ ಬಚ್ಚಿಡ್ತಾರೆ. ಅಷ್ಟೂ ಗೊತ್ತಾಗಲ್ವಾ?"

ರಖಾತ್ ನನ್ನನ್ನು ವಿಚಿತ್ರವಾಗಿ ನೋಡಿದಳು. ತಾಯಂದಿರೊಂದಿಗೆ ಹೇಗೆ ಮಾತಾಡಬೇಕೆಂದು ಈಗಿನ ನರ್ಸ್‌ಗಳಿಗೆ ಯಾರೂ ಕಲಿಸುವುದಿಲ್ಲ.

ಮಾರ್ಚ್ 9

ಕೊನೆಯ ಬಾಟಲಿ ಮಧ್ಯಾಹ್ನ ಎರಡಕ್ಕೆ ಮುಗಿಯಿತು. ನಳಿಗೆ ತೊಳೆದೆ. ಇನ್ನು ಮೂರು ದಿನ ಬಿಟ್ಟು ರಕ್ತ. ಔಷಧಿ ನಿಂತ ಮೇಲೂ ಮೂತ್ರಪಿಂಡ ಬಿದ್ದುಹೋಗುವುದುಂಟು, ಹಾಗಾಗಿ ತೂಗುವುದು ನಿಲ್ಲಿಸುವಂತಿಲ್ಲ.

ಮಾರ್ಚ್ 13

ನಿನ್ನೆ ಸಂಜೆ ಕಳಿಸಿದ ರಕ್ತದ ಬಗ್ಗೆ ಎರಡೂವರೆಗೆ ಫೋನ್ ಬಂತು. ಕ್ರಿಯಾಟಿನಿನ್ 63. ಮತ್ತೊಮ್ಮೆ ಹೇಳಿಸಿದೆ. ಬಿಷ್ಕೆಕ್‌ನವಳಿಗೆ ಬೇಸರವಾಯಿತು. "ಅರವತ್ಮೂರು ಎಜೆ, ಆರು ಮೂರು, ಇನ್ನು ಹೇಗೆ ಹೇಳ್ಲಿ?" ಅಂದಳು. ಪೊಟ್ಯಾಶಿಯಂ ಸಮ. ಫಂಗಸ್ ಇದುವರೆಗೆ ಬೆಳೆದಿಲ್ಲ.

ಡಾಕ್ಟರ ಕೋಣೆಗೆ ಹೋಗಿ ಚೀಟಿ ಇಟ್ಟೆ. ಓದಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು. "ನೀರು ಇಳಿಸಿದ್ದು ನನ್ನ ತಪ್ಪು," ಅಂದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಅಷ್ಟರಲ್ಲಿ ಅವರ ಫೋನ್ ಬಂತು, ಒಳ್ಳೆಯದಾಯಿತು.

ಸಯ್ಕಾಲ್‌ಗೆ ಹೇಳಲು ಬಂದರೆ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು, ಬಾಯಿ ಅರ್ಧ ತೆರೆದು, ಪುಸ್ತಕ ತೊಡೆಯ ಮೇಲೆ. ವಾರ್ಡಿನಲ್ಲಿ ತಾಯಂದಿರು ಮಲಗಕೂಡದು ಎಂಬ ನಿಯಮ ಇದೆ. ಮೂರು ಗಂಟೆಯ ಸುತ್ತು, ತೊಕ್ತೊ ಎಚ್ಚರವಿದ್ದ. ನಾನೇ ಡಯಾಪರ್ ಬಿಚ್ಚಿ ತೂಗಿದೆ, ಹತ್ತೊಂಬತ್ತು. ಹೊಸದನ್ನು ಕೆಳಗೆ ಸರಿಸುತ್ತಿದ್ದೆ, ಅಷ್ಟರಲ್ಲಿ ಹೊಯ್ದ. ನೇರ, ಮೇಲಕ್ಕೆ, ನನ್ನ ಮಣಿಕಟ್ಟಿನಿಂದ ಮೊಣಕೈವರೆಗೆ. ಬಿಸಿ ಇತ್ತು. ಅಷ್ಟು ಚಿಕ್ಕ ದೇಹಕ್ಕೆ ತುಂಬ ಹೊತ್ತೇ ಹೊಯ್ದ.

ಗೌನು ಬದಲಿಸಿ ಬಂದು ಭುಜ ಮುಟ್ಟಿ ಎಬ್ಬಿಸಿದೆ. ಬೆಚ್ಚಿ ಎದ್ದವಳು ಮೊದಲು ಗಡಿಯಾರ ನೋಡಿದಳು. "ಮೂರು ಗಂಟೆದು ಎಷ್ಟಾಯ್ತು ಎಜೆ?"

"ಹತ್ತೊಂಬತ್ತು. ಜೊತೆಗೆ ನನ್ನ ತೋಳಿನ ಮೇಲೊಂದಿಷ್ಟು. ರಕ್ತ ಅರವತ್ಮೂರು."

ಅವಳಿಗೆ ಈ ಸಂಖ್ಯೆಗಳ ಅರ್ಥ ಗೊತ್ತು. ಮುಖ ಎರಡೂ ಕೈಯಲ್ಲಿ ಮುಚ್ಚಿಕೊಂಡಳು. ಆಮೇಲೆ ಮೂಗು ಒರೆಸಿಕೊಂಡು ಪುಸ್ತಕ ತೆರೆದಳು.

"ತೋಳಿನ ಮೇಲಿಂದು ಎಷ್ಟು ಅಂತ ಬರೀಲಿ?"

ಗೌನು ತೂಗಬಹುದಿತ್ತು. ಅದರ ಒಣ ತೂಕ ನನಗೆ ಗೊತ್ತಿಲ್ಲ.

"ಸುಮಾರು ಹತ್ತು ಅಂತ ಬರಿ," ಅಂದೆ.

ಹದಿನೈದಾದರೂ ಇದ್ದೀತು.